ಎ.ಡಿ.ಹೆಚ್.ಡಿ. ಇರುವ ಮಗುವಿನ ರಾತ್ರಿ ನಿದ್ರೆ: ಪೋಷಕರಿಗೆ ಮಾಹಿತಿ

1. ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಅನೇಕ ಮನೆಗಳಲ್ಲಿ ರಾತ್ರಿ ಹತ್ತು ಗಂಟೆಯಾದರೂ ದಿನದ ವ್ಯವಹಾರಗಳು ಮುಗಿದಿರುವುದಿಲ್ಲ. ಹುಬ್ಬಳ್ಳಿಯ ಅಂಗಡಿ ಮಾರುಕಟ್ಟೆಗಳಲ್ಲಿ ದುಡಿದು ಸುಮಾರು 20 ಕಿ.ಮೀ. ದೂರದ ಧಾರವಾಡಕ್ಕೆ ಮರಳುವ ತಂದೆಯು ಮನೆ ಸೇರುವ ಹೊತ್ತಿಗೆ ಒಂಬತ್ತೂವರೆಯಾಗಿರುತ್ತದೆ. ಅನಂತರ ಊಟ, ದೂರದರ್ಶನದ ಧಾರಾವಾಹಿ ಹಾಗೂ ಮಾತುಕತೆ ನಡೆಯುತ್ತವೆ. ಇಂತಹ ಮನೆಯಲ್ಲಿ ಎ.ಡಿ.ಹೆಚ್.ಡಿ. ಎಂದು ಕರೆಯಲಾಗುವ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರುವ ಮಗುವಿದ್ದಲ್ಲಿ, ಮನೆಮಂದಿಯೆಲ್ಲರೂ ಮಲಗಿದ ಮೇಲೂ ಆ ಮಗು ಎಚ್ಚರವಾಗಿಯೇ ಇರುತ್ತದೆ. ನೀರು ಬೇಕೆಂದು ಏಳುತ್ತದೆ, ಹಾಸಿಗೆಯಲ್ಲಿ ಹೊರಳುತ್ತದೆ, ಪಕ್ಕದಲ್ಲಿ ಮಲಗಿದ ಅಜ್ಜಿಯನ್ನು ಮಾತನಾಡಿಸುತ್ತದೆ. ಬೆಳಿಗ್ಗೆ ಶಾಲಾ ವಾಹನ ಬಾಗಿಲಿಗೆ ಬಂದರೂ ಎಬ್ಬಿಸಲು ಸಾಧ್ಯವಾಗುವುದಿಲ್ಲ.

ಈ ಜಗ್ಗಾಟದಲ್ಲಿ ಮಗು ಬೈಗುಳವನ್ನೂ ಕೆಲವೊಮ್ಮೆ ಏಟನ್ನೂ ತಿನ್ನುತ್ತದೆ. ಮಗುವಿಗೆ ಶಿಸ್ತು ಕಲಿಸಿಲ್ಲವೆಂಬ ಮಾತು ತಾಯಿಯ ಪಾಲಿಗೆ ಬರುತ್ತದೆ. ಆದರೆ ಇಂತಹ ಮಗು ಹಟದಿಂದ ಎಚ್ಚರವಾಗಿರುವುದಿಲ್ಲ. ಮಲಗಬೇಕಾದ ಹೊತ್ತಿಗೆ ಅದರ ಮಿದುಳು ಮಲಗಲು ಸಿದ್ಧವಾಗಿರುವುದಿಲ್ಲ. ಗದರಿಕೆಯಿಂದ ನಿದ್ರೆಯನ್ನು ತರಿಸಲು ಬರುವುದಿಲ್ಲ. ದಿನಚರಿಯ ಬದಲಾವಣೆ ಮತ್ತು ಅಗತ್ಯವಿದ್ದಲ್ಲಿ ವೈದ್ಯಕೀಯ ತಪಾಸಣೆಯಿಂದ ಹೆಚ್ಚಿನ ಮಕ್ಕಳ ನಿದ್ರೆಯು ಸುಧಾರಿಸುತ್ತದೆ. ಅದಕ್ಕೆ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

2. ಎ.ಡಿ.ಹೆಚ್.ಡಿ. ಎಂದರೇನು?

ಎ.ಡಿ.ಹೆಚ್.ಡಿ.ಯು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ತೊಂದರೆ. ವಯಸ್ಸಿಗೆ ತಕ್ಕಷ್ಟು ಹೊತ್ತು ಗಮನವಿಡಲಾಗದಿರುವುದು, ಒಂದೆಡೆ ಕುಳಿತಿರಲಾಗದಿರುವುದು ಮತ್ತು ಯೋಚಿಸದೆ ಮುನ್ನುಗ್ಗುವುದು ಇದರ ಮುಖ್ಯ ಲಕ್ಷಣಗಳು. ಈ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡು, ಕನಿಷ್ಠ 6 ತಿಂಗಳು ಮುಂದುವರಿದು, ಮನೆ ಮತ್ತು ಶಾಲೆಯಂತಹ ಎರಡು ಅಥವಾ ಹೆಚ್ಚು ಕಡೆಗಳಲ್ಲಿ ಕಂಡುಬಂದು, ಮಗುವಿನ ಕಲಿಕೆಗೆ ಹಾಗೂ ಒಡನಾಟಕ್ಕೆ ಅಡ್ಡಿಯಾದಲ್ಲಿ ಮಾತ್ರ ವೈದ್ಯರು ಈ ನಿರ್ಣಯಕ್ಕೆ ಬರುತ್ತಾರೆ. ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಿಗೆ ಈ ತೊಂದರೆ ಇರುವುದಾಗಿ ಅಂದಾಜಿಸಲಾಗಿದೆ. ಇದು ಪೋಷಕರ ಲಾಲನೆಯ ದೋಷದಿಂದ ಬರುವಂಥದ್ದಲ್ಲ.

3. ನಿದ್ರೆಗೂ ಎ.ಡಿ.ಹೆಚ್.ಡಿ.ಗೂ ಇರುವ ಸಂಬಂಧ

ಎ.ಡಿ.ಹೆಚ್.ಡಿ. ಇರುವ ಮಕ್ಕಳಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಕ್ಕಳಿಗೆ ನಿದ್ರೆಯ ಒಂದಿಲ್ಲೊಂದು ತೊಂದರೆ ಇರುವುದಾಗಿ ಪೋಷಕರು ತಿಳಿಸುತ್ತಾರೆ. ಇದಕ್ಕೆ ಹಲವು ಕಾರಣಗಳಿವೆ.

ಅ) ದೇಹದ ಗಡಿಯಾರ: ಕತ್ತಲಾದ ಮೇಲೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ದೇಹವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ನೆದರ್ಲೆಂಡ್ಸ್ ದೇಶದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎ.ಡಿ.ಹೆಚ್.ಡಿ.ಯೊಂದಿಗೆ ತಡವಾಗಿ ನಿದ್ರೆ ಬರುವ ತೊಂದರೆಯೂ ಇದ್ದ ಮಕ್ಕಳಲ್ಲಿ ಈ ಸ್ರಾವವು, ಎ.ಡಿ.ಹೆಚ್.ಡಿ. ಇದ್ದೂ ನಿದ್ರೆಯ ತೊಂದರೆ ಇಲ್ಲದ ಮಕ್ಕಳಿಗಿಂತ ಸುಮಾರು ಮುಕ್ಕಾಲು ಗಂಟೆ ತಡವಾಗಿ ಆರಂಭವಾಗುವುದು ಕಂಡುಬಂದಿತು. ಕಣ್ಣಿಗೆ ಸಮೀಪವಿರುವ ಮೊಬೈಲಿನ ಬೆಳಕು ಇದನ್ನು ಇನ್ನಷ್ಟು ಹಿಂದೂಡುತ್ತದೆ.

ಆ) ಮನಸ್ಸಿನ ಓಟ: ಹಗಲಿನ ಗದ್ದಲ ನಿಂತು ದೀಪ ಆರಿದಾಗ ಮಗುವಿನ ತಲೆಯೊಳಗೆ ಯೋಚನೆಗಳ ಓಟ ಆರಂಭವಾಗುತ್ತದೆ. ಅದನ್ನು ತಾನೇ ನಿಲ್ಲಿಸುವ ಶಕ್ತಿ ಈ ಮಕ್ಕಳಲ್ಲಿ ಕಡಿಮೆ.

ಇ) ಔಷಧಿಯ ವೇಳೆ: ಎ.ಡಿ.ಹೆಚ್.ಡಿ.ಗೆ ನೀಡಲಾಗುವ ಮಿಥೈಲ್‌ಫೆನಿಡೇಟ್ ಔಷಧಿಯನ್ನು ತಡವಾಗಿ ಕೊಟ್ಟಲ್ಲಿ ರಾತ್ರಿ ನಿದ್ರೆ ಮುಂದೆ ಹೋಗಬಹುದು. ಕೆಲವು ಮಕ್ಕಳಲ್ಲಿ ಇದಕ್ಕೆ ವಿರುದ್ಧವಾಗಿ, ಔಷಧಿಯ ಪ್ರಭಾವ ಇಳಿಯುವ ಸಂಜೆಯ ವೇಳೆಗೆ ಚಡಪಡಿಕೆ ಹೆಚ್ಚಾಗುತ್ತದೆ.

ಈ) ದೈಹಿಕ ಕಾರಣಗಳು: ಟಾನ್ಸಿಲ್ ಅಥವಾ ಅಡೆನಾಯ್ಡ್ ಊದಿಕೊಂಡು ಉಸಿರಾಟಕ್ಕೆ ಅಡ್ಡಿಯಾಗುವುದು, ಕಬ್ಬಿಣಾಂಶದ ಕೊರತೆಯಿಂದ ರಾತ್ರಿ ಕಾಲುಗಳಲ್ಲಿ ಚಡಪಡಿಕೆ ಉಂಟಾಗುವುದು ಇತ್ಯಾದಿ.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸತಕ್ಕದ್ದು. ನಿದ್ರೆಗೆಟ್ಟ ವಯಸ್ಕರು ತೂಕಡಿಸುತ್ತಾರೆ. ನಿದ್ರೆಗೆಟ್ಟ ಮಗು ಅನೇಕ ವೇಳೆ ಇನ್ನಷ್ಟು ಕುಣಿದಾಡುತ್ತದೆ, ಸಿಡುಕುತ್ತದೆ, ಪಾಠದಲ್ಲಿ ಗಮನ ಕಳೆದುಕೊಳ್ಳುತ್ತದೆ. ಆದುದರಿಂದ ನಿದ್ರೆಯ ಕೊರತೆಯು ಎ.ಡಿ.ಹೆಚ್.ಡಿ. ಲಕ್ಷಣಗಳನ್ನು ಹೆಚ್ಚಿಸುವುದಲ್ಲದೆ, ಆ ತೊಂದರೆ ಇಲ್ಲದ ಮಗುವಿನಲ್ಲಿಯೂ ಅದನ್ನೇ ಹೋಲುವ ಲಕ್ಷಣಗಳನ್ನು ಉಂಟುಮಾಡಬಲ್ಲದು. ಆಸ್ಟ್ರೇಲಿಯಾದಲ್ಲಿ ಎ.ಡಿ.ಹೆಚ್.ಡಿ. ಇರುವ 5ರಿಂದ 12 ವರ್ಷದ 244 ಮಕ್ಕಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಪಿನ ಪೋಷಕರಿಗೆ ಎರಡು ಭೇಟಿ ಮತ್ತು ಒಂದು ದೂರವಾಣಿ ಕರೆಯ ಮೂಲಕ ಮಲಗುವ ಅಭ್ಯಾಸಗಳ ಕುರಿತು ಸಲಹೆ ನೀಡಲಾಯಿತು. ಆ ಮಕ್ಕಳ ನಿದ್ರೆ ಸುಧಾರಿಸಿತು, ಹಗಲಿನ ಎ.ಡಿ.ಹೆಚ್.ಡಿ. ಲಕ್ಷಣಗಳೂ ಸ್ವಲ್ಪಮಟ್ಟಿಗೆ ತಗ್ಗಿದವು. ಅಂದರೆ ರಾತ್ರಿಯ ಸುಧಾರಣೆಯು ತರಗತಿಯಲ್ಲಿಯೂ ಮಗುವಿಗೆ ನೆರವಾಗುತ್ತದೆ.

4. ಮಗುವಿಗೆ ಎಷ್ಟು ನಿದ್ರೆ ಬೇಕು?

ದಿನದ 24 ಗಂಟೆಗಳಲ್ಲಿ ಅಗತ್ಯವಿರುವ ನಿದ್ರೆಯ ಪ್ರಮಾಣ ಈ ಕೆಳಗಿನಂತಿದೆ.

- 3ರಿಂದ 5 ವರ್ಷ: 10ರಿಂದ 13 ಗಂಟೆ (ಹಗಲು ನಿದ್ರೆಯೂ ಸೇರಿ)
- 6ರಿಂದ 12 ವರ್ಷ: 9ರಿಂದ 12 ಗಂಟೆ
- 13ರಿಂದ 18 ವರ್ಷ: 8ರಿಂದ 10 ಗಂಟೆ

ಉದಾಹರಣೆಗೆ, ಎಂಟು ವರ್ಷದ ಮಗುವು ಶಾಲೆಗಾಗಿ ಬೆಳಿಗ್ಗೆ 6.30ಕ್ಕೆ ಏಳಬೇಕಾಗಿದ್ದಲ್ಲಿ, ರಾತ್ರಿ 9.30ಕ್ಕೆ ನಿದ್ರೆಯಲ್ಲಿರಬೇಕು. ಇದಕ್ಕಾಗಿ 9 ಗಂಟೆಗೆ ಹಾಸಿಗೆಗೆ ಹೋಗಬೇಕು, 8 ಗಂಟೆಯೊಳಗೆ ಊಟ ಮುಗಿದಿರಬೇಕು. ಮನೆಯವರೆಲ್ಲರ ಊಟ ಹತ್ತಕ್ಕೆ ಆಗುವುದಾದರೂ ಮಗುವಿನ ಊಟವನ್ನು ಪ್ರತ್ಯೇಕವಾಗಿ ಮೊದಲೇ ಮುಗಿಸುವುದು ಸೂಕ್ತ.

5. ಮೊದಲ ಹೆಜ್ಜೆ: ಎರಡು ವಾರಗಳ ನಿದ್ರೆ ದಾಖಲೆ

ಯಾವುದೇ ಬದಲಾವಣೆಗೆ ಮುನ್ನ, ಒಂದು ನೋಟ್ ಪುಸ್ತಕದಲ್ಲಿ ಎರಡು ವಾರಗಳ ಕಾಲ ಪ್ರತಿದಿನ ಈ ವಿವರಗಳನ್ನು ಬರೆದಿಡಬೇಕು: ಹಾಸಿಗೆಗೆ ಹೋದ ವೇಳೆ, ನಿಜವಾಗಿ ನಿದ್ರೆ ಹತ್ತಿದ ವೇಳೆ, ರಾತ್ರಿ ಎದ್ದ ಸಲಗಳು, ಬೆಳಿಗ್ಗೆ ಎದ್ದ ವೇಳೆ, ಹಗಲು ಅಥವಾ ಶಾಲಾ ವಾಹನದಲ್ಲಿ ನಿದ್ರಿಸಿದ್ದು, ಔಷಧಿ ಕೊಟ್ಟ ವೇಳೆ, ಚಹಾ ಅಥವಾ ಕೋಲಾ ಕುಡಿದ ವೇಳೆ, ಗೊರಕೆ. ಈ ಪುಸ್ತಕವನ್ನು ವೈದ್ಯರ ಬಳಿಗೆ ಕೊಂಡೊಯ್ದಲ್ಲಿ ಕಾರಣವನ್ನು ಗುರುತಿಸಲು ಹೆಚ್ಚಿನ ನೆರವಾಗುತ್ತದೆ.

6. ಹಗಲಿನಲ್ಲಿ ಅನುಸರಿಸಬೇಕಾದ ಕ್ರಮಗಳು

ಅ) ಏಳುವ ವೇಳೆ ಒಂದೇ ಇರಲಿ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿಯೂ ಏಳುವ ವೇಳೆಯಲ್ಲಿ ಒಂದು ಗಂಟೆಗಿಂತ ಹೆಚ್ಚಿನ ವ್ಯತ್ಯಾಸವಾಗಬಾರದು. ಮಲಗುವ ವೇಳೆಯನ್ನು ಒತ್ತಾಯದಿಂದ ಸಾಧಿಸಲಾಗದು. ಆದರೆ ಏಳುವ ವೇಳೆಯು ಪೋಷಕರ ಕೈಯಲ್ಲಿದೆ. ಎದ್ದ ಕೂಡಲೇ ಮಗುವನ್ನು ಅಂಗಳ ಅಥವಾ ಮಾಳಿಗೆಯ ಬೆಳಕಿಗೆ ಕರೆತಂದಲ್ಲಿ ದೇಹದ ಗಡಿಯಾರವು ಸರಿಹೊಂದುತ್ತದೆ.

ಆ) ಸಂಜೆ ಆಟವಿರಲಿ. ಕಬಡ್ಡಿ, ಖೊಖೊ, ಸೈಕಲ್ ಸವಾರಿ ಮುಂತಾದ ಬೆವರಿಳಿಸುವ ಆಟಗಳು ರಾತ್ರಿಯ ನಿದ್ರೆಗೆ ಸಹಕಾರಿ. ಆದರೆ ಮಲಗುವುದಕ್ಕೆ ಎರಡು ಗಂಟೆ ಮುಂಚೆ ಇವು ಮುಗಿದಿರಬೇಕು.

ಇ) ಚಹಾ ಬೇಡ. ನಮ್ಮ ಭಾಗದ ಮನೆಗಳಲ್ಲಿ ಸಂಜೆ ಗಿರಮಿಟ್ ಅಥವಾ ಮಿರ್ಚಿ ಭಜಿಯ ಜೊತೆಗೆ ಮಕ್ಕಳಿಗೂ ಚಹಾ ಕೊಡುವ ರೂಢಿಯಿದೆ. ಚಹಾ, ಕಾಫಿ ಮತ್ತು ಕೋಲಾ ಪಾನೀಯಗಳಲ್ಲಿ ಎಚ್ಚರವನ್ನು ಹೆಚ್ಚಿಸುವ ಕೆಫೀನ್ ಇರುತ್ತದೆ. ಇದಲ್ಲದೆ, ಊಟತಿಂಡಿಯೊಡನೆ ಕುಡಿದ ಚಹಾ ಆಹಾರದಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಸೇರದಂತೆ ತಡೆಯುತ್ತದೆ. ಇದಕ್ಕೆ ಬದಲಾಗಿ ಹಾಲು, ಮಜ್ಜಿಗೆ ಅಥವಾ ನಿಂಬೆ ಪಾನಕ ನೀಡಬಹುದು.

ಈ) ಸಂಜೆಯ ನಿದ್ರೆ ಬೇಡ. ಶಾಲೆಗೆ ಹೋಗುವ ಮಗು ಸಂಜೆ ನಾಲ್ಕರ ನಂತರ ಮಲಗಿದಲ್ಲಿ ರಾತ್ರಿಯ ನಿದ್ರೆಯು ಮುಂದೆ ಹೋಗುತ್ತದೆ.

ಉ) ಮನೆಪಾಠವನ್ನು ಬೇಗ ಮುಗಿಸಿ. ರಾತ್ರಿ ಒಂಬತ್ತಕ್ಕೆ ಪುಸ್ತಕ ತೆರೆಸಿದಲ್ಲಿ ಓದಿನ ಜಗಳವೇ ಹಾಸಿಗೆಯವರೆಗೂ ಬರುತ್ತದೆ. ಮನೆಪಾಠವನ್ನು ಚಿಕ್ಕ ಚಿಕ್ಕ ಭಾಗಗಳನ್ನಾಗಿ ಮಾಡಿ ಏಳೂವರೆಯೊಳಗೆ ಮುಗಿಸಬೇಕು. ಹೊರೆ ಹೆಚ್ಚಾದಲ್ಲಿ ಶಿಕ್ಷಕರೊಂದಿಗೆ ಮಾತನಾಡಬೇಕು.

7. ಮಲಗುವ ಮುನ್ನಿನ ಒಂದು ಗಂಟೆ

ಈ ಒಂದು ಗಂಟೆಯು ಪ್ರತಿ ರಾತ್ರಿ ಒಂದೇ ಕ್ರಮದಲ್ಲಿ ನಡೆಯತಕ್ಕದ್ದು. ಎ.ಡಿ.ಹೆಚ್.ಡಿ. ಇರುವ ಮಗುವಿಗೆ ಮುಂದೇನು ಎಂಬುದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಆದುದರಿಂದ ಕ್ರಮವು ಗೋಡೆಯ ಮೇಲೆ ಕಾಣುವಂತಿರಬೇಕು. ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಮೂತ್ರ ವಿಸರ್ಜನೆ, ಬಟ್ಟೆ ಬದಲಿಸುವುದು, ಕಥೆ, ದೀಪ ಆರಿಸುವುದು ಎಂಬ ಆರು ಚಿತ್ರಗಳನ್ನು ಮಗುವಿನ ಕೈಯಿಂದಲೇ ಬಿಡಿಸಿ ಅಂಟಿಸಬಹುದು.

ಅ) ದೂರದರ್ಶನ ಮತ್ತು ಮೊಬೈಲ್ ಈ ಅವಧಿಯಲ್ಲಿ ಇರಬಾರದು. ಮೊಬೈಲನ್ನು ಮಗುವಿನಿಂದ ಕಸಿದುಕೊಂಡು ಹಿರಿಯರು ತಾವು ನೋಡುತ್ತ ಕೂಡುವುದರಿಂದ ಪ್ರಯೋಜನವಾಗದು. ಮನೆಯ ಎಲ್ಲ ಮೊಬೈಲುಗಳನ್ನು ಒಂದೆಡೆ ಇಡುವ ನಿಯಮ ಮಾಡಿಕೊಳ್ಳುವುದು ಒಳಿತು.

ಆ) ಒಂದೇ ಕೋಣೆಯ ಮನೆಯಾಗಿದ್ದಲ್ಲಿ ಮಗು ಮಲಗುವ ಮೂಲೆಗೆ ಹಳೆಯ ಸೀರೆಯ ಪರದೆ ಕಟ್ಟಿ, ದೊಡ್ಡ ದೀಪವನ್ನು ಆರಿಸಿ, ದೂರದರ್ಶನದ ಧ್ವನಿಯನ್ನು ತಗ್ಗಿಸಬೇಕು. ಬೇಸಿಗೆಯಲ್ಲಿ ಗಾಳಿಯಾಡುವ ಸ್ಥಳವನ್ನೂ ಮಳೆಗಾಲದಲ್ಲಿ ಸೊಳ್ಳೆ ಪರದೆಯನ್ನೂ ಒದಗಿಸಬೇಕು. ಮಗುವಿಗೆ ರೂಢಿಯಾದ ಕೌದಿಯನ್ನು ಬದಲಾಯಿಸಬಾರದು.

ಇ) ಸೂಚನೆಯನ್ನು ಹತ್ತಿರ ಹೋಗಿ ಒಂದೊಂದಾಗಿ ಕೊಡಬೇಕು. ಅಡುಗೆಮನೆಯಿಂದಲೇ ನಾಲ್ಕು ಕೆಲಸ ಕೂಗಿ ಹೇಳಿದಲ್ಲಿ ಮಗುವಿಗೆ ಒಂದೂ ನೆನಪಿರದು. ಹೆಗಲ ಮೇಲೆ ಕೈಯಿಟ್ಟು "ತಮ್ಮಾ, ಹಲ್ಲು ತಿಕ್ಕಿ ಬಾ" ಎಂದಷ್ಟೇ ಹೇಳಿ, ಅದು ಮುಗಿದ ನಂತರ ಮುಂದಿನ ಕೆಲಸ ಹೇಳಬೇಕು.

ಈ) ಅಜ್ಜ ಅಜ್ಜಿಯರು ಮನೆಯಲ್ಲಿದ್ದಲ್ಲಿ ಕಥೆ ಹೇಳುವ ಹೊಣೆಯನ್ನು ಅವರಿಗೆ ವಹಿಸಬಹುದು. ಪ್ರತಿ ರಾತ್ರಿ ಅದೇ ಹಳೆಯ ಕಥೆಯಾದರೂ ಅಡ್ಡಿಯಿಲ್ಲ; ಮುಂದೇನಾಗುವುದೆಂದು ತಿಳಿದಿರುವ ಕಥೆಯು ಮನಸ್ಸನ್ನು ಶಾಂತಗೊಳಿಸುತ್ತದೆ. ದೆವ್ವದ ಕಥೆಗಳನ್ನು ಹೇಳಬಾರದು.

ಉ) ತಡವಾಗಿ ಮನೆಗೆ ಬರುವ ತಂದೆ ಅಥವಾ ತಾಯಿಯು ಆ ಹೊತ್ತಿನಲ್ಲಿ ಮಗುವಿನೊಡನೆ ಆಟ, ನಗೆಚಾಟಿಕೆಗಳಲ್ಲಿ ತೊಡಗಿದಲ್ಲಿ ಅರೆನಿದ್ರೆಯ ಮಗು ಮತ್ತೆ ಒಂದು ಗಂಟೆ ಎಚ್ಚರವಾಗುತ್ತದೆ. ಮಗುವಿನೊಂದಿಗೆ ಕಳೆಯುವ ಆ ಹದಿನೈದು ನಿಮಿಷಗಳನ್ನು ಬೆಳಗಿನ ವೇಳೆಗೆ ಬದಲಾಯಿಸಿಕೊಳ್ಳಬಹುದು. ಬೆಳಿಗ್ಗೆ ಅಪ್ಪ ಎಬ್ಬಿಸುತ್ತಾರೆಂಬ ಭರವಸೆಯಿದ್ದಲ್ಲಿ ಮಗುವಿಗೆ ಕಾಯುತ್ತ ಕೂಡುವ ಕಾರಣವೂ ಇರುವುದಿಲ್ಲ.

8. ಮಲಗುವ ವೇಳೆಯನ್ನು ಹಿಂದಕ್ಕೆ ತರುವ ವಿಧಾನ

ಹನ್ನೊಂದಕ್ಕೆ ನಿದ್ರಿಸುವ ಮಗುವನ್ನು ಏಕಾಏಕಿ ಒಂಬತ್ತಕ್ಕೆ ಮಲಗಿಸಿದಲ್ಲಿ ಎರಡು ಗಂಟೆಗಳ ಹೊರಳಾಟವಷ್ಟೇ ಉಳಿಯುತ್ತದೆ. ಹಾಸಿಗೆ ಎಂದರೆ ಜಗಳದ ಸ್ಥಳವೆಂಬ ಭಾವನೆ ಬೆಳೆಯುತ್ತದೆ. ಇದಕ್ಕೆ ಬದಲಾಗಿ ಈ ಕ್ರಮವನ್ನು ಅನುಸರಿಸಬಹುದು.

(1) ದಾಖಲೆಯ ಪ್ರಕಾರ ಮಗುವಿಗೆ ನಿಜವಾಗಿ ನಿದ್ರೆ ಬರುವ ವೇಳೆಯಲ್ಲಿಯೇ ಮೊದಲು ಮಲಗಿಸಬೇಕು. ಅಲ್ಲಿಯವರೆಗೆ ಮಂದ ಬೆಳಕಿನಲ್ಲಿ ಕಥೆ, ಚಿತ್ರ ಬಿಡಿಸುವುದು ಮುಂತಾದ ಶಾಂತ ಕೆಲಸಗಳಿರಲಿ.
(2) ಬೆಳಿಗ್ಗೆ ಏಳುವ ವೇಳೆಯನ್ನು ಬದಲಾಯಿಸಬಾರದು.
(3) ಸತತ ಮೂರು ರಾತ್ರಿ 20 ನಿಮಿಷಗಳೊಳಗೆ ನಿದ್ರೆ ಬಂದಲ್ಲಿ, ಮಲಗುವ ವೇಳೆಯನ್ನು 15 ನಿಮಿಷ ಮುಂಚೆ ತರಬೇಕು.
(4) ಇದೇ ರೀತಿ ಮುಂದುವರಿಸಬೇಕು. ಹನ್ನೊಂದರಿಂದ ಒಂಬತ್ತೂವರೆಗೆ ಬರಲು ಆರು ಹಂತಗಳು, ಅಂದರೆ ಕನಿಷ್ಠ 18 ರಾತ್ರಿಗಳು ಬೇಕಾಗುತ್ತವೆ.

ಆರಂಭದ ದಿನಗಳಲ್ಲಿ ಮಗುವಿಗೆ ಹಗಲು ಆಯಾಸವಾಗುವುದರಿಂದ ದಸರಾ ರಜೆ ಅಥವಾ ಬೇಸಿಗೆ ರಜೆಯಲ್ಲಿ ಇದನ್ನು ಪ್ರಾರಂಭಿಸುವುದು ಅನುಕೂಲಕರ. ಮೂರ್ಛೆರೋಗ ಇರುವ ಮಕ್ಕಳಲ್ಲಿ ನಿದ್ರೆಯ ಕೊರತೆಯಿಂದ ಮೂರ್ಛೆ ಬರುವ ಸಂಭವವಿರುವುದರಿಂದ ವೈದ್ಯರ ಸಲಹೆಯಿಲ್ಲದೆ ಈ ವಿಧಾನವನ್ನು ಕೈಗೊಳ್ಳಬಾರದು.

ಮಲಗಿದ ಮೇಲೆ ಪದೇ ಪದೇ ಏಳುವ ಮಗುವಿಗೆ ಪ್ರತಿ ರಾತ್ರಿ ಒಂದು ಚೀಟಿ ಕೊಡಬಹುದು. ಆ ಚೀಟಿಯನ್ನು ಕೊಟ್ಟು ಒಂದು ಸಲ ನೀರಿಗೋ ಮಾತಿಗೋ ಏಳಬಹುದು. ಚೀಟಿ ಬಳಸದೆ ಉಳಿಸಿದಲ್ಲಿ ಬೆಳಿಗ್ಗೆ ಮೆಚ್ಚುಗೆಯ ಮಾತು ಅಥವಾ ಚಿಕ್ಕ ಬಹುಮಾನ ನೀಡಬೇಕು. ಚೀಟಿ ಮುಗಿದ ಮೇಲೆ ಎದ್ದಲ್ಲಿ ಗದರಿಸದೆ, ಚರ್ಚಿಸದೆ, ಕೈಹಿಡಿದು ಹಾಸಿಗೆಗೆ ಮರಳಿಸಬೇಕು. ಮೊದಲ ಕೆಲವು ರಾತ್ರಿ ಮಗು ಹೆಚ್ಚು ಪ್ರತಿರೋಧ ತೋರುವುದು ಸಹಜ. ಮನೆಯ ಹಿರಿಯರೆಲ್ಲರೂ ಒಂದೇ ನಿಯಮವನ್ನು ಪಾಲಿಸುವುದು ಅತ್ಯವಶ್ಯಕ.

9. ವೈದ್ಯರನ್ನು ಯಾವಾಗ ಕಾಣಬೇಕು?

ಈ ಕೆಳಗಿನ ಯಾವುದೇ ಲಕ್ಷಣ ಕಂಡುಬಂದಲ್ಲಿ ದಿನಚರಿಯ ಬದಲಾವಣೆಯೊಂದೇ ಸಾಲದು, ವೈದ್ಯರಿಗೆ ತೋರಿಸಬೇಕು.

- ವಾರದಲ್ಲಿ ಮೂರು ಅಥವಾ ಹೆಚ್ಚು ರಾತ್ರಿ ಗೊರಕೆ, ಬಾಯಿಯಿಂದ ಉಸಿರಾಡುವುದು, ನಿದ್ರೆಯಲ್ಲಿ ಉಸಿರು ಕ್ಷಣಕಾಲ ನಿಂತಂತಾಗುವುದು. ಕಿವಿ, ಮೂಗು, ಗಂಟಲು ತಜ್ಞರ ತಪಾಸಣೆ ಅಗತ್ಯ.
- ರಾತ್ರಿ ಕಾಲು ಜುಮುಗುಟ್ಟುವುದು, ಇರುವೆ ಹರಿದಂತಾಗುವುದು, ಒದರಿದರೆ ಅಥವಾ ತಿಕ್ಕಿದರೆ ಹಾಯೆನಿಸುವುದು. ಇಂತಹ ಮಕ್ಕಳಿಗೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಎಂಬ ರಕ್ತಪರೀಕ್ಷೆಯನ್ನೂ ವೈದ್ಯರು ಸೂಚಿಸಬಹುದು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದ್ದುದನ್ನು ಗಮನಿಸಿದಲ್ಲಿ ಈ ತಪಾಸಣೆಯ ಮಹತ್ವ ತಿಳಿಯುತ್ತದೆ.
- ನಿದ್ರೆಯಲ್ಲಿ ಕೈಕಾಲು ಸೆಟೆಯುವುದು, ಹಾಸಿಗೆ ಒದ್ದೆಯಾಗುವುದು ಹೊಸದಾಗಿ ಆರಂಭವಾಗುವುದು.
- ಸದಾ ಭಯ, ದುಃಖ, ಶಾಲೆಗೆ ಹೋಗಲು ತೀವ್ರ ನಿರಾಕರಣೆ, ಬದುಕುವುದು ಬೇಡವೆಂಬ ಮಾತು. ಕೊನೆಯದು ಕೇಳಿಬಂದಲ್ಲಿ ಅದೇ ದಿನ ನೆರವು ಪಡೆಯಬೇಕು.

ಔಷಧಿಯಿಂದ ನಿದ್ರೆ ಕೆಡುತ್ತಿದೆಯೆಂದು ಅನಿಸಿದಲ್ಲಿ ತಾವಾಗಿಯೇ ಅದನ್ನು ನಿಲ್ಲಿಸಬಾರದು. ಔಷಧಿಯ ವೇಳೆ, ಪ್ರಮಾಣ ಅಥವಾ ವಿಧವನ್ನು ವೈದ್ಯರು ಬದಲಾಯಿಸಬಲ್ಲರು. ಮೆಲಟೋನಿನ್ ಮಾತ್ರೆಯನ್ನು ಕೆಲವು ಮಕ್ಕಳಿಗೆ ವೈದ್ಯರು ಸೂಚಿಸುವುದುಂಟು. ಅಂಗಡಿಯಿಂದ ನೇರವಾಗಿ ತಂದು ಕೊಡಬಾರದು. ನಿದ್ರೆ ಬರಲೆಂದು ನೆಗಡಿ ಕೆಮ್ಮಿನ ಸಿರಪ್ ಕುಡಿಸುವುದು ಅಪಾಯಕಾರಿ. ಕೆಲವು ಮಕ್ಕಳಲ್ಲಿ ಅದು ಚಡಪಡಿಕೆಯನ್ನು ಹೆಚ್ಚಿಸುತ್ತದೆ. ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು ಮನೆಯವರ ನಂಬಿಕೆಗೆ ಬಿಟ್ಟ ವಿಷಯ; ಆದರೆ ಅವು ತಪಾಸಣೆಗೆ ಬದಲಿಯಾಗಲಾರವು.

10. ನೆರೆಹೊರೆಯ ಸಹಕಾರ

ಗಣೇಶೋತ್ಸವ, ಮದುವೆ ಮೆರವಣಿಗೆ ಮುಂತಾದ ಸಂದರ್ಭಗಳಲ್ಲಿ ಧ್ವನಿವರ್ಧಕದಿಂದ ಈ ಮಕ್ಕಳ ನಿದ್ರೆ ಹಲವು ದಿನಗಳವರೆಗೆ ತಪ್ಪುತ್ತದೆ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಕೆಗೆ ನಿರ್ಬಂಧವಿದ್ದು, ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬಲ್ ಆಗಿದೆ. ಹಬ್ಬಗಳಿಗಾಗಿ ವರ್ಷದಲ್ಲಿ ಗರಿಷ್ಠ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಓಣಿಯ ಉತ್ಸವ ಸಮಿತಿಯವರೊಂದಿಗೆ ಮೊದಲೇ ಮಾತನಾಡಿದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಸಹಕಾರ ದೊರೆಯುತ್ತದೆ. ಅಗತ್ಯವಿದ್ದಲ್ಲಿ 112ಕ್ಕೆ ಕರೆ ಮಾಡಬಹುದು.

11. ಎಲ್ಲಿ ಸಂಪರ್ಕಿಸಬೇಕು?

ಅ) ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್), ಬೆಳಗಾವಿ ರಸ್ತೆ, ಧಾರವಾಡ. 1845ರಲ್ಲಿ ಆರಂಭವಾದ ಮಾನಸಿಕ ಚಿಕಿತ್ಸಾಲಯವೇ ಇಂದು ಈ ಸಂಸ್ಥೆಯಾಗಿ ಬೆಳೆದಿದೆ. ಇಲ್ಲಿಗೆ ಬರುವುದೆಂದರೆ ಹುಚ್ಚು ಹಿಡಿದಿದೆಯೆಂದು ಅರ್ಥವಲ್ಲ. ಮಕ್ಕಳ ಗಮನ, ಕಲಿಕೆ, ನಡವಳಿಕೆ ಮತ್ತು ನಿದ್ರೆಯ ತೊಂದರೆಗಳಿಗೂ ಮನೋವೈದ್ಯರ ಸಲಹೆ ಪಡೆಯಬಹುದು.

ಆ) ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಕಿಮ್ಸ್ ಎಂದೇ ಜನರಿಗೆ ಪರಿಚಿತವಾದ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ. ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಹಾಗೂ ಕಿವಿ, ಮೂಗು, ಗಂಟಲು ವಿಭಾಗಗಳು ಒಂದೇ ಆವರಣದಲ್ಲಿವೆ.

ಇ) ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆರೋಗ್ಯ ತಂಡಗಳು ಭೇಟಿ ನೀಡುತ್ತವೆ. ತಪಾಸಣೆಯ ಪಟ್ಟಿಯಲ್ಲಿ ಎ.ಡಿ.ಹೆಚ್.ಡಿ.ಯೂ ಸೇರಿದೆ. ತಂಡ ಬಂದಾಗ ಮಗುವಿನ ನಿದ್ರೆಯ ವಿಷಯವನ್ನೂ ತಿಳಿಸುವಂತೆ ಶಿಕ್ಷಕರನ್ನು ಕೋರಬಹುದು.

ಈ) ಟೆಲಿ-ಮಾನಸ್ ಸಹಾಯವಾಣಿ: 14416. ಅಕ್ಟೋಬರ್ 10, 2022ರಂದು ಆರಂಭವಾದ ಈ ಉಚಿತ ಸೇವೆಯು ದಿನದ 24 ಗಂಟೆಯೂ ಕನ್ನಡದಲ್ಲಿ ಲಭ್ಯವಿದೆ. ನಡುರಾತ್ರಿ ಮಗು ಮಲಗದೆ ತಾಳ್ಮೆ ಮುಗಿದಿದೆ ಎನಿಸಿದಾಗ ಪೋಷಕರು ತಮ್ಮ ಸಲುವಾಗಿಯೂ ಇಲ್ಲಿಗೆ ಕರೆ ಮಾಡಬಹುದು.

12. ಪೋಷಕರಿಗೆ ಒಂದು ಮಾತು

ನಿದ್ರೆಗೆಟ್ಟ ಮಗುವಿನ ಮನೆಯಲ್ಲಿ ತಾಯಿಯೂ ನಿದ್ರೆಗೆಟ್ಟಿರುತ್ತಾಳೆ. ರಾತ್ರಿಯ ಹೊಣೆಯನ್ನು ಒಬ್ಬರ ಮೇಲೆಯೇ ಹೊರಿಸದೆ, ತಂದೆ ಹಾಗೂ ಇತರ ಸದಸ್ಯರು ಸರದಿಯ ಮೇಲೆ ಹಂಚಿಕೊಳ್ಳತಕ್ಕದ್ದು. ಎಲ್ಲ ಬದಲಾವಣೆಗಳನ್ನೂ ಒಂದೇ ದಿನ ಮಾಡಲು ಹೋಗಬಾರದು. ಮೊದಲ ವಾರ ಏಳುವ ವೇಳೆ, ಎರಡನೆಯ ವಾರ ಮೊಬೈಲ್ ಮತ್ತು ಚಹಾ, ಅನಂತರ ಮಲಗುವ ವೇಳೆ ಎಂದು ಒಂದೊಂದಾಗಿ ಕೈಗೊಂಡಲ್ಲಿ ಅವು ಉಳಿದುಕೊಳ್ಳುತ್ತವೆ. ಜಾತ್ರೆ, ಮದುವೆ, ಜ್ವರ ಬಂದಾಗ ಕ್ರಮ ತಪ್ಪುವುದು ಸಹಜ. ಮರುದಿನ ಏಳುವ ವೇಳೆಯಿಂದ ಮತ್ತೆ ಆರಂಭಿಸಬೇಕು.

ಹಗಲೆಲ್ಲ ಶಾಲೆಯಲ್ಲಿ, ಓಣಿಯಲ್ಲಿ "ಸುಮ್ಮನೆ ಕೂಡು" ಎಂಬ ಮಾತನ್ನು ಕೇಳಿ ಬಂದ ಮಗುವಿಗೆ ದಿನದ ಕೊನೆಯ ಮಾತೂ ಬೈಗುಳವಾಗಬಾರದು. ಆ ದಿನ ಮಗು ಸರಿಯಾಗಿ ಮಾಡಿದ ಒಂದು ಕೆಲಸವನ್ನು ನೆನಪಿಸಿ, ಮೆಚ್ಚಿ, ದೀಪ ಆರಿಸಬೇಕೆಂದು ಎಲ್ಲ ಪೋಷಕರಲ್ಲಿ ವಿನಂತಿಸಲಾಗಿದೆ.